ಎಡಗಡೆಯ ಡೋಲು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಲೈನ್ ರಿಪೇರಿ ಮಾಡಿದ ಆ ಮನುಷ್ಯನಿಗೆ ಕಿವಿ ಮೇಷ್ಟ್ರು ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರು ಮಾತ್ರ ಸರಿಯಾಗಿಯೇ ಇಟ್ಟಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಲೈನಿನಲ್ಲಿ ಕರಕರ ಎಂದರೆ ಎಲ್ಲೋ ನೀರು ಹೊಕ್ಕಿದೆ, ಗುಂಯ್ ಎಂದರೆ ನೆಲಕ್ಕೆ ಕೊಟ್ಟ ತಂತಿ ಸಡಿಲವಾಗಿದೆ, ಟಿಕ್ ಟಿಕ್ ಎಂದರೆ ಯಾರದೋ ಮನೆಯ ಫೋನಿನೊಳಗೆ ಜಿರಳೆ ಸಂಸಾರ ಹೂಡಿದೆ ಎಂದು ಕೂತಲ್ಲೇ ಹೇಳಿಬಿಡುತ್ತಿದ್ದರು. ಹೋಗಿ ಬಿಚ್ಚಿದರೆ ಹಾಗೇ ಇರುತ್ತಿತ್ತು. ಸಾಹೇಬರಿಗೆ ಕೂಡ ಮೀಟರಿಗಿಂತ ಮೇಷ್ಟ್ರ ಕಿವಿಯ ಮೇಲೆ ನಂಬಿಕೆ ಜಾಸ್ತಿ. ಇದರಿಂದ ಮೇಷ್ಟ್ರಿಗೆ ತುಸು ಜಂಬವೂ ಬಂದಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ನಿವೃತ್ತರಾದ ಮೇಲೆ ಅವರು ಮನೆಯ ಮುಂದಿನ ಕೋಣೆಯನ್ನೇ ಕಾರ್ಖಾನೆ ಮಾಡಿಕೊಂಡರು. ಕಿಟಕಿಯ ಕೆಳಗೊಂದು ಹಳೆಯ ಮೇಜು, ಸುಟ್ಟ ಕಲೆಗಳಿಂದ ಅದರ ಮೈಯೆಲ್ಲ ಸಿಡುಬು. ಔಷಧಿ ಬಾಟಲಿಗಳಲ್ಲಿ ರೆಸಿಸ್ಟರು, ಕೆಪಾಸಿಟರು. ಅವರು ಮಾಡುತ್ತಿದ್ದದ್ದು ಒಂದೇ ವಸ್ತು: ಹೆಡ್‌ಫೋನಿಗೆ ಆಂಪ್ಲಿಫೈಯರು. ಬಿಸ್ಕತ್ತಿನ ಡಬ್ಬಿ, ಪೌಡರ್ ಡಬ್ಬಿ, ಸಾಬೂನಿನ ಡಬ್ಬಿ, ಸಿಕ್ಕ ಯಾವ ಡಬ್ಬಿಯೊಳಗಾದರೂ ಅದನ್ನು ಕೂರಿಸಿಬಿಡುತ್ತಿದ್ದರು. ಒಂದು ಕಡೆ ಹಾಡಿನ ಯಂತ್ರದ ತಂತಿ ಚುಚ್ಚಬೇಕು, ಇನ್ನೊಂದು ಕಡೆ ಹೆಡ್‌ಫೋನು. ಸೊಳ್ಳೆಯ ದನಿಯಂತೆ ಬರುತ್ತಿದ್ದ ಹಾಡು ಮೈತುಂಬಿಕೊಂಡು ಬರುತ್ತಿತ್ತು. ಅಂಗಡಿಯಲ್ಲಿ ಇದಕ್ಕಿಂತ ಚೆಂದದ್ದು ಸಿಗುವುದಿಲ್ಲವೇ ಎಂದು ಕೇಳಿದವರನ್ನು ಅವರು ಎರಡನೆಯ ಸಲ ಮನೆಯೊಳಗೆ ಕರೆಯುತ್ತಿರಲಿಲ್ಲ.

ಪ್ರತಿ ಡಬ್ಬಿಯಲ್ಲೂ ಪ್ರಿಸೆಟ್ ಎಂಬ ಬೆರಳುಗುರಿನಷ್ಟು ಪುಟ್ಟ ತಿರುಪೊಂದನ್ನು ಇಡುತ್ತಿದ್ದರು. ಎಡ, ಬಲ ಎರಡು ಕಿವಿಗೂ ಶಬ್ದ ಸಮನಾಗಿ ಬರುವಂತೆ ಹೊಂದಿಸುವುದಕ್ಕೆ ಅದು. ಕೊನೆಗೆ ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಸಣ್ಣ ಸ್ಕ್ರೂಡ್ರೈವರಿನಿಂದ ಆ ತಿರುಪನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿ, ‘ಸಮ ಇದೆ’ ಎನ್ನುತ್ತಿದ್ದರು. ಆ ಎರಡು ಮಾತು ಬಿದ್ದರೆ ಮುಗಿಯಿತು, ಡಬ್ಬಿ ತಯಾರು. ಆಮೇಲೆ ಹೆಂಡತಿ ಅದನ್ನು ಒಳಗೆ ಒಯ್ದು, ಒರೆಸಿ, ಕೊಳ್ಳುವವರ ಹೆಸರಿನ ಚೀಟಿ ಅಂಟಿಸಿ ತರುತ್ತಿದ್ದಳು. ಆಕೆ ಮದುವೆಗೆ ಮುಂಚಿನಿಂದಲೂ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವಳು. ಉಲ್ಟಾ ಇರುವ ಅಕ್ಷರವನ್ನು ಸರಾಗ ಓದುವ ಕಣ್ಣು, ಸಾಸಿವೆಯಷ್ಟು ಚಿಕ್ಕದನ್ನೂ ಜಾರಗೊಡದ ಬೆರಳು. ಚೀಟಿಯ ಅಕ್ಷರ ಮುದ್ದಾಗಿರುತ್ತಿತ್ತು. ಒಂದು ಚೀಟಿ ಅಂಟಿಸುವುದಕ್ಕೆ ಇತ್ತೀಚೆಗೆ ಅರ್ಧ ಗಂಟೆ ಯಾಕೆ ಹಿಡಿಯುತ್ತದೆ ಎಂದು ಮೇಷ್ಟ್ರು ಒಮ್ಮೆ ಕೇಳಿದ್ದುಂಟು. ವಯಸ್ಸಾಯ್ತಲ್ಲ ಎಂದಳು. ಅವರು ಅದನ್ನು ನಂಬಿದರು.

ಒಂದು ದಿನ ಟ್ರಾನ್ಸ್‌ಫಾರ್ಮರ್ ಹುಡುಕಲು ಅಟ್ಟ ಹತ್ತಿದ ಮೇಷ್ಟ್ರ ಕೈಗೆ ಬಟ್ಟೆ ಸುತ್ತಿದ ಗಂಟೊಂದು ಸಿಕ್ಕಿತು. ಬಿಚ್ಚಿದರೆ ನೀಲಿ ಬಣ್ಣದ ಬಿಸ್ಕತ್ತು ಡಬ್ಬಿ. ಮೇಷ್ಟ್ರು ಏಣಿಯ ಮೇಲೆಯೇ ಕೂತುಬಿಟ್ಟರು. ಅದು ಅವರು ಕಟ್ಟಿದ ಮೊಟ್ಟಮೊದಲ ಆಂಪ್ಲಿಫೈಯರು. ಅದಕ್ಕೆ ಮೂವತ್ತೆಂಟು ವರ್ಷವಾಗಿತ್ತು.

ಆಗ ಮದುವೆಯಾಗಿ ಐದು ತಿಂಗಳು. ಇದ್ದದ್ದು ಒಂದೇ ಕೋಣೆ, ನಡುವೆ ಒಂದು ಪರದೆ. ಪರದೆಯ ಆಚೆ ಮೇಷ್ಟ್ರ ಅಪ್ಪ. ಅವರದು ಕಾರ್ಖಾನೆಯಲ್ಲಿ ರಾತ್ರಿಪಾಳಿ, ಹಗಲೆಲ್ಲ ನಿದ್ದೆ. ಆ ನಿದ್ದೆಗೆ ಮನೆಯೇ ಹೆದರುತ್ತಿತ್ತು. ಪಾತ್ರೆ ಸದ್ದಾದರೆ ಪರದೆ ಕೆಮ್ಮುತ್ತಿತ್ತು. ಹೊಸ ಗಂಡ ಹೆಂಡತಿಗೆ ಭಾನುವಾರದ ಮಧ್ಯಾಹ್ನ ಒಂದು ಹಾಡು ಕೇಳುವ ಸ್ವಾತಂತ್ರ್ಯವೂ ಇರಲಿಲ್ಲ. ಯಾರೋ ಬಿಟ್ಟುಹೋದ ಕ್ಯಾಸೆಟ್ ಪ್ಲೇಯರ್ ಒಂದಿತ್ತು, ಅದಕ್ಕೊಂದು ಹೆಡ್‌ಫೋನೂ ಇತ್ತು, ಆದರೆ ಕಿವಿಗೆ ಇರುವೆ ನಡೆದಷ್ಟೇ ಶಬ್ದ. ಮೇಷ್ಟ್ರು ಒಂದು ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿಕೊಂಡು, ಎಕ್ಸ್‌ಚೇಂಜಿನಲ್ಲಿ ಬಿಸಾಡಿದ ಬೋರ್ಡುಗಳಿಂದ ಬಿಡಿಭಾಗ ಕಿತ್ತು ತಂದು, ಹದಿನೈದು ದಿನದಲ್ಲಿ ಈ ಡಬ್ಬಿ ಕಟ್ಟಿದರು. ಹೆಂಡತಿಯೂ ಹಟ ಹಿಡಿದು ಎರಡು ತಂತಿ ಬೆಸೆದಳು. ಆಕೆಯ ಬೆಸುಗೆ ಮೆಣಸಿನಕಾಳಿನಷ್ಟು ದಪ್ಪವಾಗಿ ಕೂತಿತು. ಮೇಷ್ಟ್ರು ನಕ್ಕಾಗ, ಚೆಂದ ಇಲ್ಲದಿದ್ದರೇನು, ಹಿಡಿದದ್ದನ್ನು ಬಿಡುವುದಿಲ್ಲ ನೋಡುತ್ತಿರಿ ಎಂದಿದ್ದಳು.

ಹೆಡ್‌ಫೋನು ಒಂದೇ, ತಲೆ ಎರಡು. ಅದರ ಕಬ್ಬಿಣದ ಪಟ್ಟಿಯನ್ನು ಅಗಲಕ್ಕೆ ಬಗ್ಗಿಸಿ, ತಲೆಗೆ ತಲೆ ತಾಗಿಸಿ ಕೂತು, ಆಕೆಯ ಎಡಗಿವಿಗೊಂದು, ಮೇಷ್ಟ್ರ ಬಲಗಿವಿಗೊಂದು ಸಿಕ್ಕಿಸಿಕೊಂಡರು. ಕ್ಯಾಸೆಟ್ ತಿರುಗಿತು. ಕೊಳಲು ಎಷ್ಟು ಚೆನ್ನಾಗಿ ಬರ್ತಿದೆ ಎಂದು ಮೇಷ್ಟ್ರು ಪಿಸುಗುಟ್ಟಿದರು. ಯಾವ ಕೊಳಲು, ಬರೀ ಡೋಲು ತಾನೇ ಬಡೀತಿರೋದು ಎಂದು ಆಕೆ. ಗೇಲಿ ಮಾಡುತ್ತಿದ್ದಾರೆ ಎಂದು ಆಕೆಗೆ ಅನಿಸಿತು. ಸಂಗೀತದ ಗಂಧವೇ ಇಲ್ಲದವಳನ್ನು ಕಟ್ಟಿಕೊಂಡೆನಲ್ಲ ಎಂದು ಇವರಿಗೆ. ಪಿಸುಮಾತಿನಲ್ಲೇ ಜಗಳ ಹತ್ತಿಕೊಂಡಿತು. ಪರದೆ ಕೆಮ್ಮಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಮೂರು ಊಟ ಕಂಡಿತು.

ಮಾರನೆಯ ದಿನ ಮೇಷ್ಟ್ರು ಮಾತಾಡದೆ ಬಂದು ಹೆಡ್‌ಫೋನನ್ನು ತಿರುಗಿಸಿ, ತಮ್ಮ ಕಿವಿಯದನ್ನು ಹೆಂಡತಿಯ ಕಿವಿಗಿಟ್ಟರು, ಹೆಂಡತಿಯದನ್ನು ತಾವಿಟ್ಟುಕೊಂಡರು. ಆಕೆಯ ಕಣ್ಣು ಅರಳಿತು. ಕೊಳಲು! ಇವರಿಗೆ ಡೋಲು! ಆ ಕ್ಯಾಸೆಟ್ ಮಾಡಿದವರು ಕೊಳಲನ್ನೆಲ್ಲ ಬಲಕ್ಕೂ ಡೋಲನ್ನೆಲ್ಲ ಎಡಕ್ಕೂ ತಳ್ಳಿಬಿಟ್ಟಿದ್ದರು. ಟೆಲಿಫೋನಿನ ಮನುಷ್ಯನಿಗೆ ಶಬ್ದ ಎಂದರೆ ಒಂದೇ ಕಿವಿಯದು. ಎರಡು ಕಿವಿಗೆ ಎರಡು ಬೇರೆ ಮಾತು ಬರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಇಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ಹೆಂಡತಿ ತನ್ನ ಉಗುರುಬಣ್ಣದಿಂದ ಬಲಗಡೆಯದಕ್ಕೆ ಒಂದು ಕೆಂಪು ಚುಕ್ಕೆ ಇಟ್ಟಳು, ಇನ್ನು ಮುಂದೆ ಗೊಂದಲ ಬೇಡವೆಂದು. ಕೊಳಲು ಮೇಷ್ಟ್ರದ್ದು, ಡೋಲು ಆಕೆಯದ್ದು ಎಂದು ಪಾಲಾಯಿತು. ಡೋಲು ಹೇಗಿದೆ ಎಂದು ಇವರಿಗೆ ತಿಳಿಸಲು ಆಕೆ ಇವರ ಅಂಗೈ ಮೇಲೆ ಬೆರಳಲ್ಲಿ ತಟ್ಟುತ್ತಿದ್ದಳು, ಸದ್ದಾಗದಂತೆ.

ಮೇಷ್ಟ್ರ ಇಡೀ ವಿದ್ಯೆ ಆ ಜಗಳದಿಂದ ಬಂತು ಎಂದರೂ ತಪ್ಪಿಲ್ಲ. ಏನೇ ಕೆಟ್ಟಿರಲಿ, ‘ತಿರುಗಿಸಿ ನೋಡು’ ಎಂಬುದು ಅವರ ಸೂತ್ರ. ಎಡದ ತಂತಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕು. ದೋಷ ತಂತಿಯ ಜೊತೆ ಆ ಕಡೆ ಹೋಯಿತೋ, ತಂತಿಯದ್ದೇ ತಪ್ಪು. ಹೋಗಲಿಲ್ಲವೋ, ಮುಂದಿನದನ್ನು ತಿರುಗಿಸು. ಎಕ್ಸ್‌ಚೇಂಜಿಗೆ ಹೊಸದಾಗಿ ಬಂದವರಿಗೆಲ್ಲ ಇದನ್ನು ಬಾಯಿಪಾಠ ಮಾಡಿಸಿದ್ದರು.

ಏಣಿ ಇಳಿದು ಬಂದ ಮೇಷ್ಟ್ರು ಡಬ್ಬಿಯನ್ನು ಹೆಂಡತಿಗೆ ತೋರಿಸಿ, ಇದನ್ನು ಮತ್ತೆ ಹಾಡಿಸುತ್ತೇನೆ ಎಂದರು. ಆಕೆ ಹಿಗ್ಗುತ್ತಾಳೆ ಎಂದುಕೊಂಡಿದ್ದರು. ಆಕೆ ಡಬ್ಬಿಯ ಮುಚ್ಚಳ ತೆಗೆದು ಒಳಗೆಲ್ಲ ಕಣ್ಣಾಡಿಸಿ, ಇದರಲ್ಲಿ ಪ್ರಿಸೆಟ್ ಇಲ್ಲ ಅಲ್ವಾ ಎಂದು ಕೇಳಿದಳು. ಆಗ ಅದೆಲ್ಲ ಎಲ್ಲಿತ್ತು ಎಂದರು ಮೇಷ್ಟ್ರು. ಹಾಗಾದರೆ ಬಿಡಿ, ಹಳೆಯದನ್ನೆಲ್ಲ ಯಾಕೆ ಕೆದಕುವುದು ಎಂದು ಆಕೆ ಒಳಗೆ ಹೋದಳು. ಮೇಷ್ಟ್ರಿಗೆ ಆ ಮಾತು ಮುಳ್ಳಿನಂತೆ ನೆಟ್ಟಿತು. ಹಟವೂ ಬಂತು.

ಬ್ಯಾಟರಿ ಸೋರಿ ಹಸಿರುಗಟ್ಟಿದ್ದ ತಂತಿಗಳನ್ನು ಉಜ್ಜಿ, ಹೊಸ ಬ್ಯಾಟರಿ ಹಾಕಿದರು. ಹಳೆಯ ಹೆಡ್‌ಫೋನಿನ ಸ್ಪಂಜು ಪುಡಿಯಾಗಿತ್ತು; ಪಕ್ಕದ ಅಂಗಡಿಯ ಟೈಲರ್ ಮೆತ್ತನೆಯ ಬಟ್ಟೆಯಲ್ಲಿ ಎರಡು ಗವಸು ಹೊಲಿದುಕೊಟ್ಟ. ಅವನು ಹೊಲಿಯುವಾಗೆಲ್ಲ ಮೇಷ್ಟ್ರ ಡಬ್ಬಿಯಲ್ಲೇ ಹಾಡು ಕೇಳುವವನು, ಮನೆಯವನ ಹಾಗೆ. ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ, ಆಹಾ, ಕೊಳಲು ನಿನ್ನೆ ತಾನೇ ನಿಲ್ಲಿಸಿದ್ದಂತೆ ಶುರುವಾಯಿತು. ಆದರೆ ಡೋಲು ಮೂರು ಬೀದಿ ಆಚೆ ಯಾರೋ ಬಡಿದಂತೆ.

ಎಡಗಡೆ ಸೋತಿದೆ ಎಂದು ಮೇಷ್ಟ್ರು ತೋಳೇರಿಸಿದರು. ಎಡದ ಕೆಪಾಸಿಟರ್ ಒಣಗಿರಬೇಕೆಂದು ಅದನ್ನು ಬದಲಿಸಿದರು. ಆಗಲಿಲ್ಲ. ಟ್ರಾನ್ಸಿಸ್ಟರ್ ಬದಲಿಸಿದರು. ಆಗಲಿಲ್ಲ. ಮೀಟರ್ ಇಟ್ಟು ನೋಡಿದರೆ ಅದು ಎರಡು ಕಡೆಯೂ ಒಂದೇ ಎಂದು ಸಾಧಿಸಿತು. ಮೀಟರಿಗೇ ವಯಸ್ಸಾಗಿದೆ ಎಂದು ಮೂಲೆಗಿಟ್ಟರು. ಸೂತ್ರದ ಪ್ರಕಾರ ಪ್ಲೇಯರಿನ ತಂತಿ ಅದಲುಬದಲು ಮಾಡಿದರು. ಕೊಳಲು ಎಡಕ್ಕೆ ಬಂದು ತಾನೇ ದೂರ ಸರಿಯಿತೇ ಹೊರತು ದೋಷ ಎಡ ಬಿಟ್ಟು ಕದಲಲಿಲ್ಲ. ವಾಲ್ಯೂಮ್ ಗುಂಡಿ ಬದಲಿಸಿದರು. ಒಳಗಿನ ತಂತಿಗಳನ್ನೂ ಕಿತ್ತರು. ಮೆಣಸಿನಕಾಳಿನಂಥ ಆ ಎರಡು ಬೆಸುಗೆಗೆ ಬೆಸೆಯುವ ಐರನ್ ತಾಗಿಸುವಾಗ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ಸಣ್ಣದಾಯಿತು. ಮೇಷ್ಟ್ರು ನೋಡಿಯೂ ನೋಡದಂತಿದ್ದರು. ಕಿತ್ತದ್ದನ್ನೆಲ್ಲ ಒಂದು ಔಷಧಿ ಬಾಟಲಿಗೆ ಹಾಕಿಟ್ಟರು. ವಾರ ಕಳೆಯುವಷ್ಟರಲ್ಲಿ ಡಬ್ಬಿಯಲ್ಲಿ ಹಳೆಯದು ಎಂದರೆ ಡಬ್ಬಿ ಮಾತ್ರ ಉಳಿಯಿತು.

ಉಳಿದದ್ದು ಹೆಡ್‌ಫೋನು. ಟೈಲರನ ಹೆಡ್‌ಫೋನ್ ತರಿಸಿ ಹಾಕಿಕೊಂಡರು. ಅದರಲ್ಲೂ ಎಡಗಡೆ ಕ್ಷೀಣ. ಹೊಲಿಗೆ ಮಿಷಿನ್ನಿನ ಸದ್ದಿಗೆ ಪೈಪೋಟಿ ಕೊಟ್ಟು ಜೋರಾಗಿ ಕೇಳಿ ಕೇಳಿ ಎಡಗಡೆಯದನ್ನು ಕೆಡಿಸಿಕೊಂಡಿದ್ದೀಯ ಎಂದು ಅವನಿಗೇ ಬೈದರು. ಟೈಲರ್ ಬಾಯಿ ತೆರೆದ. ಮೇಷ್ಟ್ರ ಹಿಂದೆ ನಿಂತಿದ್ದ ಹೆಂಡತಿ ಬೇಡವೆಂದು ತಲೆಯಾಡಿಸಿದ್ದನ್ನು ನೋಡಿ ಮುಚ್ಚಿಕೊಂಡ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೇಷ್ಟ್ರು ಕೆಪಾಸಿಟರನ್ನು ದೂರಿದ್ದಾಯಿತು, ಮೀಟರನ್ನು ದೂರಿದ್ದಾಯಿತು, ಪಾಪದ ಟೈಲರನನ್ನೂ ದೂರಿದ್ದಾಯಿತು. ಒಂದನ್ನು ಮಾತ್ರ ತಿರುಗಿಸಿ ನೋಡಿರಲಿಲ್ಲ. ಕೆಂಪು ಚುಕ್ಕೆ ಬಲಕ್ಕೇ ಇರಬೇಕೆಂದು ಮೂವತ್ತೆಂಟು ವರ್ಷದ ಹಿಂದೆ ಆದ ಒಪ್ಪಂದವನ್ನು ಅವರ ಕೈ ಒಂದು ಸಲವೂ ಮೀರಿರಲಿಲ್ಲ.

ಮೂರನೆಯ ವಾರದ ಕೊನೆಗೆ ಮೇಷ್ಟ್ರು ಐರನ್ನಿನ ತಂತಿ ಸುತ್ತಿಟ್ಟರು. ಒಪ್ಪಿಕೊಂಡಿದ್ದ ಎರಡು ಡಬ್ಬಿಗಳ ಕೆಲಸ ಆಗುವುದಿಲ್ಲವೆಂದು ಹೇಳಿ ಕಳಿಸಿದರು. ಬಾಟಲಿಗಳನ್ನೆಲ್ಲ ಟ್ರಂಕಿಗೆ ತುಂಬಿ, ಸೋಮವಾರ ಗುಜರಿಯವನನ್ನು ಕಳಿಸು ಎಂದು ಟೈಲರನಿಗೆ ಹೇಳಿದರು. ಮೂವತ್ತೆಂಟು ವರ್ಷದ ಕೆಲಸವನ್ನು ಅವರು ಒಂದು ಮಧ್ಯಾಹ್ನದಲ್ಲಿ ಮಡಚಿಟ್ಟದ್ದು ನೋಡಿ ಹೆಂಡತಿಗೆ ದಿಗಿಲಾಯಿತು. ಯಾಕೆ ಎಂದು ಕೇಳಿದಳು.

“ಕೈಯಾರೆ ಕಟ್ಟಿದ ಮೊದಲನೇ ಡಬ್ಬೀನೇ ನನ್ನಿಂದ ಸರಿ ಮಾಡೋಕಾಗ್ಲಿಲ್ಲ,” ಎಂದರು ಮೇಷ್ಟ್ರು. “ಇನ್ನು ಬೇರೆಯವರದ್ದು ಮುಟ್ಟೋಕೆ ನನಗೇನು ಹಕ್ಕಿದೆ? ವಿದ್ಯೆ ಕೈಬಿಟ್ಟು ಹೋಯ್ತು. ಇಲ್ಲಿಗೆ ಸಾಕು.”

ಆಕೆ ಮೇಜಿನ ಹತ್ತಿರ ಬಂದಳು. ಹೇಳಿದರೆ ಕೆಲಸ ಬಿಡುತ್ತಾರೆಂದು ಇಷ್ಟು ದಿನ ಹೇಳಿರಲಿಲ್ಲ. ಈಗ ಹೇಳದಿದ್ದರೂ ಬಿಡುತ್ತಿದ್ದಾರೆ. ಮೇಜಿನ ಮೇಲಿದ್ದ ಹಳೆಯ ಹೆಡ್‌ಫೋನ್ ಎತ್ತಿ ಅವರ ತಲೆಗೆ ಹಾಕಿ, ಕ್ಯಾಸೆಟ್ ಒತ್ತಿದಳು. ಬಲಕ್ಕೆ ಕೊಳಲು, ಎಡಕ್ಕೆ ಬರೀ ಡೋಲಿನ ನೆರಳು. ಮೇಷ್ಟ್ರು ಬೇಸರದಿಂದ ತೆಗೆಯಹೋದರು. ಆಕೆ ತಡೆದಳು.

“ಒಂದು ತಿರುಗಿಸೋದು ಬಿಟ್ಟಿದ್ದೀರಿ,” ಎಂದಳು.

ಹೆಡ್‌ಫೋನನ್ನು ಅವರ ತಲೆಯಿಂದ ಎತ್ತಿ, ಹಿಂದುಮುಂದು ಮಾಡಿ ಮತ್ತೆ ಹಾಕಿದಳು. ಕೆಂಪು ಚುಕ್ಕೆ ಎಡಗಿವಿಗೆ ಬಂತು.

ಡೋಲು ಬಲಗಿವಿಯ ಬಾಗಿಲಿಗೇ ಬಂದು ಬಡಿಯಿತು. ಚರ್ಮದ ಮೇಲೆ ಬೆರಳು ಜಾರುವುದೂ ಕೇಳುವಷ್ಟು ಹತ್ತಿರ. ಕೊಳಲು ಮಾತ್ರ ಮೂರು ಬೀದಿ ಆಚೆಗೆ ಹೊರಟುಹೋಗಿತ್ತು. ಮೇಷ್ಟ್ರು ತಾವೇ ತಿರುಗಿಸಿ ಹಾಕಿಕೊಂಡರು. ಮತ್ತೆ ತಿರುಗಿಸಿದರು. ಮೂರು ಸಲ ಆಯಿತು. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇವರು ಕೆಟ್ಟ ಕಿವಿಯನ್ನು ತಲೆಗೇ ಅಂಟಿಸಿಕೊಂಡು ಮೂರು ವಾರ ಡಬ್ಬಿಯೊಳಗೆ ಹುಡುಕಿದ್ದರು. ಕೊನೆಗೆ ಹೆಡ್‌ಫೋನ್ ಕೆಳಗಿಟ್ಟು, ಯಾವಾಗಿಂದ ಗೊತ್ತು ಎಂದು ಕೇಳಿದರು. ಹೋದ ವರ್ಷ ಬೇಸಿಗೆಯಿಂದ ಎಂದಳು ಹೆಂಡತಿ.

ಆಮೇಲೆ ಒಂದೊಂದಾಗಿ ಬಿಚ್ಚಿಟ್ಟಳು. ಎಡಗಡೆ ನಿಂತು ಕರೆದರೆ ಇವರು ಓಗೊಡುತ್ತಿರಲಿಲ್ಲ, ಅದಕ್ಕೇ ಊಟಕ್ಕೆ ಕೂರುವಾಗ, ನಡೆಯುವಾಗ, ಮಲಗುವಾಗ ಬಲಕ್ಕೆ ಬಂದಿದ್ದಳು. ಬೆಳಕು ಚೆನ್ನಾಗಿದೆಯೆಂದು ಜಾಗ ಬದಲಿಸಿದಳೆಂದು ಮೇಷ್ಟ್ರು ತಿಳಿದಿದ್ದರು. ಫೋನನ್ನು ಅವರು ಎಕ್ಸ್‌ಚೇಂಜಿನ ಕಾಲದಿಂದಲೂ ಬಲಗಿವಿಗೇ ಇಡುವವರು, ಹಾಗಾಗಿ ಅಲ್ಲೂ ತಿಳಿಯಲಿಲ್ಲ. ಡಬ್ಬಿಗಳಲ್ಲಿ ಮಾತ್ರ ಬಯಲಾಗಿತ್ತು. ತಮ್ಮ ಕಿವಿಗೆ ಸಮವಾಗುವ ತನಕ ಇವರು ಎಡದ ಶಬ್ದ ಏರಿಸುತ್ತಿದ್ದರು. ಟೈಲರ್ ತನ್ನದನ್ನು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದು, ಅಕ್ಕಾ, ಎಡಗಿವಿಗೆ ಗುದ್ದಿದ ಹಾಗಾಗುತ್ತೆ, ಮೇಷ್ಟ್ರಿಗೆ ಹೇಗೆ ಹೇಳೋದು ಎಂದು ಕೈ ಹಿಸುಕಿಕೊಂಡಿದ್ದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂದಿನಿಂದ ಪ್ರತಿ ಡಬ್ಬಿಯನ್ನೂ ಚೀಟಿ ಅಂಟಿಸುವ ನೆಪದಲ್ಲಿ ಒಳಗೆ ಒಯ್ದು, ಬಾಗಿಲು ಹಾಕಿಕೊಂಡು, ಆಕೆಯೇ ಪ್ರಿಸೆಟ್ ತಿರುಗಿಸಿ ಸಮ ಮಾಡುತ್ತಿದ್ದಳು. ಹನ್ನೊಂದು ಡಬ್ಬಿ. ಈ ನೀಲಿ ಡಬ್ಬಿಯಲ್ಲಿ ತಿರುಪಿರಲಿಲ್ಲ, ಆಕೆಯ ಉಪಾಯ ನಡೆಯಲಿಲ್ಲ, ಅಷ್ಟೆ.

ಮೇಷ್ಟ್ರಿಗೆ ಮೊದಲು ಬಂದದ್ದು ಸಿಟ್ಟು. ತನ್ನ ಕೆಲಸದ ಮೇಲೆ ಕೈಯಾಡಿಸಿದಳಲ್ಲ ಎಂದು. ಆಮೇಲೆ ನಾಚಿಕೆ, ಟೈಲರನಿಗೂ ಗೊತ್ತಿತ್ತಲ್ಲ ಎಂದು. ಅವೆರಡೂ ಇಳಿದ ಮೇಲೆ ಅಳು ಬಂತು. ಕಿವಿ ಮೇಷ್ಟ್ರು ಎಂದು ಮೆರೆದವನಿಗೆ ಕಿವಿಯೇ ಹೋದದ್ದು ಗೊತ್ತಾಗಲಿಲ್ಲ. ಅವರು ಮುಖ ಮುಚ್ಚಿಕೊಂಡು ಅತ್ತರು, ಹೆಂಡತಿ ಬಲಗಡೆ ನಿಂತು ಬೆನ್ನು ಸವರುತ್ತಿದ್ದಳು.

“ಕಿವಿ ಒಂದು ಹೋಯ್ತು, ನಿಜ,” ಎಂದಳು. “ಕೈ ಎರಡೂ ಇವೆಯಲ್ಲ. ಕಟ್ಟೋದು ನೀವು ಕಟ್ಟಿ. ಕೇಳೋದು ನಾನು ಕೇಳ್ತೀನಿ. ಒಂದು ವರ್ಷ ಹಾಗೇ ನಡೆದಿದೆ.”

ಸೋಮವಾರ ಬಂದ ಗುಜರಿಯವನು ಟೀ ಕುಡಿದು ಬರಿಗೈಯಲ್ಲಿ ಹೋದ. ಮಂಗಳವಾರ ಡಾಕ್ಟರು ಕಿವಿ ನೋಡಿ, ನರ ಸೋತಿದೆ, ಹೋದದ್ದು ವಾಪಸ್ ಬರುವುದಿಲ್ಲ, ಇನ್ನೊಂದನ್ನು ಜೋಪಾನ ಮಾಡಿ ಎಂದರು. ಬುಧವಾರ ಮೇಷ್ಟ್ರು ಟ್ರಂಕಿನಿಂದ ಆ ಔಷಧಿ ಬಾಟಲಿ ತೆಗೆದರು. ಕಿತ್ತ ಭಾಗಗಳಲ್ಲಿ ಒಂದೂ ಕೆಟ್ಟಿರಲಿಲ್ಲ ತಾನೇ. ಅವೇ ಟ್ರಾನ್ಸಿಸ್ಟರು, ಅವೇ ಕೆಪಾಸಿಟರು, ಅದೇ ವಾಲ್ಯೂಮ್ ಗುಂಡಿಯನ್ನು ಎಲ್ಲಿದ್ದವೋ ಅಲ್ಲಿಗೇ ಮರಳಿ ಬೆಸೆದರು. ಹಳೆಯ ಎರಡು ತಂತಿಗಳ ಸರದಿ ಬಂದಾಗ ಐರನ್ನನ್ನು ಹೆಂಡತಿಯ ಕೈಗೆ ಕೊಟ್ಟರು. ಜೊತೆಗೆ ಪ್ರಿಸೆಟ್ ತಿರುಗಿಸುವ ಸಣ್ಣ ಸ್ಕ್ರೂಡ್ರೈವರನ್ನೂ ಕೊಟ್ಟು, ಇದು ಇನ್ನು ನಿನ್ನದೇ, ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ ಎಂದರು. ಆಕೆಯ ಬೆಸುಗೆ ಈಗಲೂ ಮೆಣಸಿನಕಾಳಿನಷ್ಟೇ ದಪ್ಪವಾಗಿ ಕೂತಿತು. ಈ ಸಲ ಅವರು ನಗಲಿಲ್ಲ.

ಭಾನುವಾರ ಮಧ್ಯಾಹ್ನ, ಕಿಟಕಿಯ ಬೆಳಕಿನಲ್ಲಿ, ಇಬ್ಬರೂ ಮೇಜಿನ ಮುಂದೆ ಕೂತರು. ಒಂದು ವರ್ಷದಿಂದ ಬಲಕ್ಕೇ ಕೂರುತ್ತಿದ್ದ ಹೆಂಡತಿ ಅವತ್ತು ಸ್ಟೂಲನ್ನು ಎಳೆದು ಎಡಕ್ಕೆ ಹಾಕಿಕೊಂಡಳು. ಹೆಡ್‌ಫೋನಿನ ಪಟ್ಟಿಯನ್ನು ಹಿಂದಿನಂತೆ ಅಗಲಕ್ಕೆ ಬಗ್ಗಿಸಿದರು. ಕೆಂಪು ಚುಕ್ಕೆಯದು ಮೇಷ್ಟ್ರ ಬಲಗಿವಿಗೆ, ಇನ್ನೊಂದು ಆಕೆಯ ಎಡಗಿವಿಗೆ. ತಲೆಗೆ ತಲೆ ತಾಗಿತು, ಎರಡೂ ಈಗ ಬೆಳ್ಳಗಾಗಿದ್ದವು. ಸೋತ ಕಿವಿ ಆಕೆಯ ತಲೆಗೆ ಒತ್ತಿಕೊಂಡು ಸುಮ್ಮನಿತ್ತು. ಅದಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ, ಮೂವತ್ತೆಂಟು ವರ್ಷದ ಹಿಂದೆಯೂ ಇರಲಿಲ್ಲ.

ಕೊಳಲು ಶುರುವಾಯಿತು. ಎಡಗಡೆಯಿಂದ ಆಕೆ ಏನೋ ಅಂದಳು, ಮೇಷ್ಟ್ರಿಗೆ ಕೇಳಿಸಲಿಲ್ಲ. ಕೇಳಿಸಲಿಲ್ಲವೆಂದು ಆಕೆಗೂ ಗೊತ್ತಾಗಿ, ಅವರ ಅಂಗೈಯನ್ನು ತನ್ನ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಬೆರಳಲ್ಲಿ ಡೋಲು ತಟ್ಟತೊಡಗಿದಳು. ಪರದೆಯ ಆಚೆ ಈಗ ಯಾರೂ ಮಲಗಿರಲಿಲ್ಲ, ಪರದೆಯೂ ಇರಲಿಲ್ಲ, ಆದರೂ ಆಕೆ ಸದ್ದಾಗದಂತೆಯೇ ತಟ್ಟಿದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಹಾಡು ಮುಗಿಯುವ ತನಕ ಕೇಳಿದರು.

“ಸಮ ಇದೆ,” ಎಂದರು.